ಚೀನಾದ ಯುದ್ಧವಿಮಾನ ಎಂಜಿನ್: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ನನ್ನ ಅಕ್ಕನ ಮಗ ವಾರಕ್ಕೊಂದು ಫೋಟೋ ಕಳಿಸುತ್ತಾನೆ. ಚೀನಾದ ಯಾವುದಾದರೊಂದು ಯುದ್ಧವಿಮಾನದ ಹಿಂಭಾಗ. ಕೆಳಗೆ ಪ್ರಶ್ನೆ: "ಮಾವ, ಇದ್ರಲ್ಲಿರೋದು ರಷ್ಯಾ ಎಂಜಿನ್ನಾ, ಅವರದ್ದೇನಾ? ಇಷ್ಟೊಂದು ಮಾಡೋರಿಗೆ ಎಂಜಿನ್ ಯಾಕೆ ಕಷ್ಟ ಆಯ್ತು?"

ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟು ಸಾಕಾಯಿತು. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಜೆಟ್ ಎಂಜಿನ್ ಓವರ್‌ಹಾಲ್ ಮಾಡುವ, ಅಂದರೆ ಪೂರ್ತಿ ಬಿಚ್ಚಿ ಸರಿಮಾಡುವ ಶಾಪಿನಲ್ಲಿ ತುಂಬ ವರ್ಷ ಕೆಲಸ ಮಾಡಿದವನು. ಚೀನಾದ ಎಂಜಿನ್ ಕೈಯಲ್ಲಿ ಮುಟ್ಟಿಲ್ಲ. ಆದರೆ ಬಿಸಿ, ಸುತ್ತು, ಎಣ್ಣೆ, ಲೋಹ ಎಲ್ಲ ದೇಶದಲ್ಲೂ ಒಂದೇ ಥರ ತೊಂದರೆ ಕೊಡುತ್ತವೆ.

ಶಾಪಿನಲ್ಲಿ ನಮಗೆ ಕಲಿಸಿದ್ದ ಕ್ರಮವನ್ನೇ ಇಲ್ಲೂ ಹಿಡಿದಿದ್ದೇನೆ. ಮೊದಲು ಕಣ್ಣಿಗೆ ಕಾಣುವುದು. ಆಮೇಲೆ ಕಿವಿಗೆ ಕೇಳುವುದು. ಆಮೇಲೆ ಎಣ್ಣೆ. ಆಮೇಲೆ ಒಳಗೆ ಇಣುಕುವುದು. ಎಂಜಿನ್ ಬಿಚ್ಚುವುದು ಕೊನೆಗೆ. ಬಿಚ್ಚಿದರೂ ಸಿಗದ ದೋಷ ಇದ್ದರೆ ಅದು ಎಂಜಿನ್ ಹುಟ್ಟಿದ ಕುಲುಮೆಯಲ್ಲಿದೆ ಎಂದರ್ಥ. ಚೀನಾದ ಕಥೆ ಬಹಳ ಸಲ ಹೋಗಿ ನಿಲ್ಲುವುದು ಅಲ್ಲೇ.

ಲಕ್ಷಣ: ವಿಮಾನ ಅವರದ್ದು, ಎಂಜಿನ್ ರಷ್ಯಾದ್ದು

ಇದಕ್ಕೆ ಖರ್ಚೇ ಇಲ್ಲ, ಫೋಟೋ ಸಾಕು. ವಿಮಾನದ ಹಿಂದಿನ ನಾಝಲ್ ನೋಡಿ, ಅಂದರೆ ಬಿಸಿ ಗಾಳಿ ಹೊರಬರುವ ಬಾಯಿ. ಅದರ ಸುತ್ತ ಹೂವಿನ ದಳಗಳ ಹಾಗೆ ಲೋಹದ ಪಟ್ಟಿಗಳು ಇರುತ್ತವೆ. ರಷ್ಯಾದ ಎಎಲ್-31 ಎಂಜಿನ್ನಿನ ದಳಗಳು ಉದ್ದ, ಸಪೂರ. ಚೀನಾದ ಡಬ್ಲ್ಯುಎಸ್-10 ಎಂಜಿನ್ನಿನ ದಳಗಳು ಅಗಲ. ಚೀನಾದ ಜೆ-20 ಯುದ್ಧವಿಮಾನಕ್ಕೆ ಹಾಕುವ ಡಬ್ಲ್ಯುಎಸ್-10ಸಿ ಆದರೆ ದಳದ ತುದಿ ಗರಗಸದ ಹಲ್ಲಿನಂತೆ ಕತ್ತರಿಸಿರುತ್ತದೆ. ರೇಡಾರಿಗೆ ಕಡಿಮೆ ಕಾಣಲಿ ಅಂತ.

ಈ ಲಕ್ಷಣ ಏನು ಹೇಳುತ್ತದೆ? ವಿಮಾನದ ಮೈ ಮಾಡುವ ಕೆಲಸ ಮುಂದೆ ಹೋಗಿದೆ, ಎಂಜಿನ್ ಕೆಲಸ ಹಿಂದೆ ಉಳಿದಿದೆ. 1992ರಲ್ಲಿ ಚೀನಾಕ್ಕೆ ರಷ್ಯಾದ ಸು-27 ಯುದ್ಧವಿಮಾನ ಬಂತು. ಜೊತೆಗೆ ಎಎಲ್-31ಎಫ್ ಎಂಜಿನ್ ಬಂತು. ಅದರ ತಳ್ಳುಬಲ ಸುಮಾರು 12.5 ಟನ್. ಚೀನಾದ ಸ್ವಂತ ಯುದ್ಧವಿಮಾನ ಜೆ-10 ತಯಾರಾದಾಗ ಅದಕ್ಕೂ ಇದೇ ಎಂಜಿನ್. ಒಂದು ವ್ಯತ್ಯಾಸ ಮಾತ್ರ: ಪಂಪು, ಜನರೇಟರುಗಳನ್ನು ಓಡಿಸುವ ಗೇರ್‌ಬಾಕ್ಸು ಎಂಜಿನ್ನಿನ ಮೇಲಿತ್ತು, ಅದನ್ನು ಕೆಳಗೆ ತಂದರು. ಆ ಮಾದರಿಗೆ ಎಎಲ್-31ಎಫ್‌ಎನ್ ಎಂದು ಹೆಸರು. 2011ರಲ್ಲಿ ಕೂಡ ಚೀನಾ ಇಂಥ 123 ಎಂಜಿನ್‌ಗಳಿಗೆ ರಷ್ಯಾದ ಜೊತೆ ಒಪ್ಪಂದ ಮಾಡಿಕೊಂಡಿತು. ಸ್ವಂತ ಡಬ್ಲ್ಯುಎಸ್-10ಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕು ಆಗಲೇ ಐದಾರು ವರ್ಷ ಕಳೆದಿತ್ತು. ಒಪ್ಪಿಗೆ ಸಿಕ್ಕಿದ ಮೇಲೂ ಕೊಂಡು ತರುತ್ತಿದ್ದಾರೆ ಅಂದರೆ ತಯಾರಿಕೆಯ ಸಾಲಿನಲ್ಲಿ ಎಲ್ಲೋ ಸಿಕ್ಕಿಬಿದ್ದಿದೆ ಅಂತಲೇ ತಿಳಿಯಬೇಕು.

ಜೆ-20 ಮೊದಲು ಹಾರಿದ್ದು 2011ರ ಜನವರಿ 11ರಂದು, ಚೆಂಗ್ಡುವಿನಲ್ಲಿ. ಸೇವೆಗೆ ಬಂದ ಆರಂಭದ ಜೆ-20ಗಳಲ್ಲಿ ಇದ್ದದ್ದು ರಷ್ಯಾದ ಎಂಜಿನ್ನೇ. ಸ್ವಂತ ಎಂಜಿನ್ ಹಾಕಿದ ಜೆ-20ನ್ನು ಜನರ ಮುಂದೆ ಹಾರಿಸಿದ್ದು 2021ರಲ್ಲಿ ಚೀನಾದ ಝುಹಾಯ್ ವಿಮಾನ ಪ್ರದರ್ಶನದಲ್ಲಿ. ನಡುವೆ ಹತ್ತು ವರ್ಷ.

ಇಲ್ಲಿ ಒಂದು ಎಚ್ಚರ. ವಿಮಾನದ ಹೆಸರು ನೋಡಿ ಎಂಜಿನ್ ಹೇಳಬೇಡಿ. ಜೆ-10ಸಿ ಎಂಬ ಒಂದೇ ಹೆಸರಿನ ವಿಮಾನದಲ್ಲಿ ಮೊದಲು ರಷ್ಯಾದ್ದಿತ್ತು, ಆಮೇಲೆ ಡಬ್ಲ್ಯುಎಸ್-10ಬಿ ಬಂತು. ಫೋಟೋ ಯಾವ ವರ್ಷದ್ದು ಅಂತ ಮೊದಲು ನೋಡಿ. ಹಳೆಯ ಫೋಟೋ ಹೊಸ ಸುದ್ದಿಯಾಗಿ ಸುತ್ತುವುದು ದಿನಾ ಆಗುತ್ತದೆ.

ಲಕ್ಷಣ: ಜೋಡಿ ಎಂಜಿನ್ ವಿಮಾನಕ್ಕೆ ಹಾಕುತ್ತಾರೆ, ಒಂಟಿ ಎಂಜಿನ್ ವಿಮಾನಕ್ಕೆ ಹಾಕುವುದಿಲ್ಲ

ನನ್ನ ಮಟ್ಟಿಗೆ ಇದು ಹೊರಗಿನಿಂದ ಕಾಣುವ ಲಕ್ಷಣಗಳಲ್ಲೆಲ್ಲ ಹೆಚ್ಚು ನಂಬಬಹುದಾದದ್ದು. ಯಾರ ಹೇಳಿಕೆಯೂ ಬೇಡ. ಎಂಜಿನ್ ಮಾಡಿದವರಿಗೇ ಅದರ ಮೇಲೆ ಎಷ್ಟು ನಂಬಿಕೆ ಇದೆ ಅಂತ ಇದು ತೋರಿಸುತ್ತದೆ.

ಡಬ್ಲ್ಯುಎಸ್-10 ಮೊದಲು ಕೆಲಸಕ್ಕೆ ಇಳಿದದ್ದು ಜೆ-11ಬಿಯಲ್ಲಿ. ಅದಕ್ಕೆ ಎರಡು ಎಂಜಿನ್. ಒಂದು ನಿಂತರೆ ಇನ್ನೊಂದರ ಮೇಲೆ ಮನೆಗೆ ಬರಬಹುದು. ಜೆ-10ಕ್ಕೆ ಇರುವುದು ಒಂದೇ. ಅದು ನಿಂತರೆ ಪೈಲಟ್ ಹಾರಿಕೊಳ್ಳಬೇಕು ಅಷ್ಟೇ. ಹಾಗಾಗಿ ಜೆ-10 ಸಾಲು ವರ್ಷಗಟ್ಟಲೆ ರಷ್ಯಾದ ಎಂಜಿನ್ ಮೇಲೇ ನಡೆಯಿತು. ಪರೀಕ್ಷೆಯಲ್ಲೂ ಇದೇ ರೀತಿ. ಹೊಸ ಎಂಜಿನ್ನನ್ನು ಮೊದಲು ಜೋಡಿಯಲ್ಲಿ ಒಂದು ಕಡೆ ಮಾತ್ರ ಕೂರಿಸುತ್ತಾರೆ. ಇನ್ನೊಂದು ಕಡೆ ಪಳಗಿದ ಎಂಜಿನ್.

ಹಾಗಾದರೆ ಕಾಯಿಲೆ ವಾಸಿಯಾದ ಲಕ್ಷಣ ಯಾವುದು? ಒಂಟಿ ಎಂಜಿನ್ ವಿಮಾನಕ್ಕೆ ಅದನ್ನು ಹಾಕಿ, ಪರದೇಶಕ್ಕೆ ಮಾರುವುದು. 2022ರ ಮಾರ್ಚ್‌ನಲ್ಲಿ ಪಾಕಿಸ್ತಾನದ ವಾಯುಪಡೆ ಜೆ-10ಸಿಇ ವಿಮಾನಗಳನ್ನು ಸೇರಿಸಿಕೊಂಡಿತು. ಅವುಗಳಲ್ಲಿ ಇರುವುದು ಡಬ್ಲ್ಯುಎಸ್-10ಬಿ. ಅದೇ ಪಾಕಿಸ್ತಾನದ ಜೆಎಫ್-17 ಚೀನಾದ ಜೊತೆ ಸೇರಿ ಮಾಡಿದ್ದಾದರೂ ರಷ್ಯಾದ ಆರ್‌ಡಿ-93 ಮೇಲೆ ಹಾರುತ್ತದೆ. ಅಂದರೆ ದೊಡ್ಡ ಎಂಜಿನ್ ಸರಿಹೋದ ಮಾತ್ರಕ್ಕೆ ಮಧ್ಯಮ ಗಾತ್ರದ್ದು ತಾನಾಗಿ ಸರಿಹೋಗುವುದಿಲ್ಲ. ಪ್ರತಿ ಗಾತ್ರಕ್ಕೂ ಹೊಸದಾಗಿ ಕಷ್ಟಪಡಬೇಕು.

ಲಕ್ಷಣ: ಕಪ್ಪು ಹೊಗೆ

2014ರ ಝುಹಾಯ್ ಪ್ರದರ್ಶನದಲ್ಲಿ ಚೀನಾದ ಎಫ್‌ಸಿ-31 ಯುದ್ಧವಿಮಾನ ಕಪ್ಪು ಹೊಗೆ ಎಳೆಯುತ್ತ ಹಾರಿತು. "ನೋಡಿ ಚೀನಾ ಎಂಜಿನ್" ಅಂತ ಈಗಲೂ ಆ ವಿಡಿಯೋ ಕಳಿಸುತ್ತಾರೆ. ಅದು ಚೀನಾದ್ದಲ್ಲ, ರಷ್ಯಾದ ಆರ್‌ಡಿ-93. ಆ ಕುಟುಂಬದ ಎಂಜಿನ್‌ಗಳು ಮಿಗ್-29ರ ಕಾಲದಿಂದಲೂ ಹೊಗೆ ಬಿಡುತ್ತವೆ. ಉರಿಯುವ ಕೋಣೆಯ ಮುಂಭಾಗದಲ್ಲಿ ಇಂಧನ ಜಾಸ್ತಿ, ಗಾಳಿ ಕಮ್ಮಿ ಆದರೆ ಮಸಿ ಹುಟ್ಟುತ್ತದೆ. ದೂರದಿಂದ ಕಣ್ಣಿಗೆ ಬೀಳುತ್ತದೆ ಎನ್ನುವುದು ಯುದ್ಧವಿಮಾನಕ್ಕೆ ಕೆಟ್ಟದ್ದೇ. ಆದರೆ ಎಂಜಿನ್ ಕೆಟ್ಟಿದೆ ಅಂತ ಅರ್ಥ ಅಲ್ಲ.

ಮೊದಲು ಹೊಗೆ ಬಿಡದಿದ್ದ ಎಂಜಿನ್ ಇದ್ದಕ್ಕಿದ್ದಂತೆ ಬಿಡಲು ಶುರುಮಾಡಿದರೆ ಮಾತ್ರ ವಿಷಯ. ಕಪ್ಪಾಗಿದ್ದರೆ ಇಂಧನ ಸಿಂಪಡಿಸುವ ಮೂತಿ ಕಟ್ಟಿರಬಹುದು. ನೀಲಿ ಛಾಯೆ ಇದ್ದು ವಾಸನೆ ಬಂದರೆ ಎಣ್ಣೆ ಉರಿಯುತ್ತಿದೆ, ಸೀಲು ಹೋಗಿದೆ.

ಲಕ್ಷಣ: ಹಡಗಿನಿಂದ ಏಳುವಾಗ ಹೊರೆ ಕಡಿಮೆ

ಚೀನಾದ ಲಿಯಾವ್‌ನಿಂಗ್ ಎಂಬ ವಿಮಾನವಾಹಕ ಹಡಗಿನ ಮೇಲೆ ಜೆ-15 ಯುದ್ಧವಿಮಾನ ಮೊದಲು ಇಳಿದದ್ದು 2012ರ ನವೆಂಬರ್‌ನಲ್ಲಿ. ಆಗಿನಿಂದ ಒಂದು ದೂರು ಇದೆ. ಪೂರ್ತಿ ಇಂಧನ, ಪೂರ್ತಿ ಕ್ಷಿಪಣಿ ಹೊತ್ತು ಏಳಲು ಆಗುವುದಿಲ್ಲ ಅಂತ. ತಕ್ಷಣ ಎಂಜಿನ್ನನ್ನು ಬೈಯಬೇಡಿ. ಮೊದಲು ಹಡಗು ನೋಡಿ. ಆ ಹಡಗಿನ ಮುಂಭಾಗ ಇಳಿಜಾರಿನ ಹಾಗೆ ಮೇಲೆದ್ದಿದೆ. ಎಳೆದು ಎಸೆಯುವ ಯಂತ್ರ ಇಲ್ಲ. ವಿಮಾನ ತನ್ನ ಬಲದಲ್ಲೇ ಓಡಿ ಏಳಬೇಕು. ವಿಮಾನದ ತೂಕವೂ ಭಾರಿ. ಈ ಎರಡು ಕಾರಣ ಕಳೆದ ಮೇಲೆ ಉಳಿದದ್ದು ಎಂಜಿನ್ನಿನ ಪಾಲು. 2022ರಲ್ಲಿ ನೀರಿಗಿಳಿದ ಫುಜಿಯಾನ್ ಹಡಗಿನಲ್ಲಿ ವಿದ್ಯುತ್ಕಾಂತದಿಂದ ಎಳೆದು ಎಸೆಯುವ ಯಂತ್ರ ಇದೆ. ಅಲ್ಲಿ ಆ ದೂರಿನ ದೊಡ್ಡ ಭಾಗ ಎಂಜಿನ್ ಬದಲಿಸದೆಯೇ ಪರಿಹಾರ ಆಗುತ್ತದೆ.

ಶಾಪಿನಲ್ಲೂ ಹೀಗೇ. "ಎಂಜಿನ್ ಎಳೆಯುತ್ತಿಲ್ಲ" ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಎಂಜಿನ್ನಿನದಾಗಿರುವುದಿಲ್ಲ.

ಲಕ್ಷಣ: ಥ್ರಾಟಲ್ ತಳ್ಳಿದರೂ ತಡವಾಗಿ ಏರುತ್ತದೆ

ಆರಂಭದ ಡಬ್ಲ್ಯುಎಸ್-10ಎ ಬಗ್ಗೆ ಬಂದ ದೂರುಗಳಲ್ಲಿ ಇದೂ ಒಂದು. ಎಎಲ್-31 ಏರುವಷ್ಟು ಬೇಗ ಏರುತ್ತಿರಲಿಲ್ಲ ಎಂದು ವರದಿಯಾಗಿತ್ತು. ಕೇಳಲು ಸಣ್ಣ ವಿಷಯ. ಆದರೆ ಎದುರಾಳಿ ಹಿಂದೆ ಬಿದ್ದಿರುವಾಗ ಒಂದೆರಡು ಸೆಕೆಂಡು ಸಣ್ಣದಲ್ಲ.

ಹೀಗೆ ಯಾಕಾಗುತ್ತದೆ? ಜೆಟ್ ಎಂಜಿನ್ನಿನ ಮುಂದೆ ಕಂಪ್ರೆಸರ್ ಇದೆ, ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಹಿಂದೆ ಬೆಂಕಿ. ಬೆಂಕಿಗೆ ಇದ್ದಕ್ಕಿದ್ದಂತೆ ಇಂಧನ ಸುರಿದರೆ ಹಿಂದಿನ ಒತ್ತಡ ಏರಿ ಗಾಳಿ ಮುಂದಕ್ಕೇ ವಾಪಸ್ ಬರುತ್ತದೆ. ಇದಕ್ಕೆ ಸರ್ಜ್ ಅಂತಾರೆ. ಢಂ ಅಂತ ಸದ್ದು, ಮುಂದಿನ ಬಾಯಿಂದಲೇ ಬೆಂಕಿ. ಒಮ್ಮೆ ಟೆಸ್ಟ್ ಬೆಡ್ಡಿನಲ್ಲಿ, ಅಂದರೆ ಎಂಜಿನ್ನನ್ನು ನೆಲದ ಮೇಲೇ ಓಡಿಸಿ ನೋಡುವ ಕಡೆ, ಅದನ್ನು ಕೇಳಿದವರು ಜೀವಮಾನದಲ್ಲಿ ಮರೆಯುವುದಿಲ್ಲ. ಗಾಜಿನ ಆಚೆ ನಿಂತ ನಮ್ಮ ಎದೆಗೇ ಬಡಿದ ಹಾಗೆ ಆಗುತ್ತದೆ. ಕಂಪ್ರೆಸರ್ ಮೇಲೆ ನಂಬಿಕೆ ಸಾಲದಿದ್ದರೆ ಎಂಜಿನಿಯರುಗಳು ಇಂಧನವನ್ನು ನಿಧಾನಕ್ಕೆ ಬಿಡುವಂತೆ ಕಂಟ್ರೋಲ್ ಹೊಂದಿಸುತ್ತಾರೆ. ಸರ್ಜ್ ತಪ್ಪುತ್ತದೆ, ಎಂಜಿನ್ ಮಂದ ಆಗುತ್ತದೆ.

ತಪಾಸಣೆ ಹೀಗೆ ಮಾಡಿ. ತೊಂದರೆ ಎಲ್ಲ ವಿಮಾನದಲ್ಲೂ ಇದೆಯಾ, ಒಂದು ಮಾದರಿಯಲ್ಲಿ ಮಾತ್ರವಾ? ಒಂದರಲ್ಲಿ ಮಾತ್ರ ಅಂದರೆ ಗಾಳಿ ಒಳಬರುವ ದಾರಿಯ ಆಕಾರ ನೋಡಿ. ಎಲ್ಲದರಲ್ಲೂ ಇದ್ದರೆ ಇಂಧನ ಕಂಟ್ರೋಲ್ ನೋಡಿ. ಅದು ಸರಿ ಇದ್ದರೆ ಕಂಪ್ರೆಸರಿನಲ್ಲಿ ಕೋನ ಬದಲಿಸಬಲ್ಲ ರೆಕ್ಕೆಗಳು ಇರುತ್ತವೆ, ಅವುಗಳ ಕೋನ ಸರಿಯಾಗಿ ಹೊಂದಿಸಿದೆಯಾ ನೋಡಿ. ಇದಿಷ್ಟೂ ಸರಿ ಇದ್ದು ತೊಂದರೆ ಉಳಿದರೆ ಕಂಪ್ರೆಸರಿನ ವಿನ್ಯಾಸಕ್ಕೇ ಹೋಗಬೇಕು. ಅಲ್ಲಿಗೆ ಹೋದರೆ ವರ್ಷಗಳ ಕೆಲಸ.

ನಿಲ್ಲಿಸಬೇಕಾದ ಜಾಗ: ಸರ್ಜ್ ಆದ ಎಂಜಿನ್ನನ್ನು "ಇನ್ನೊಂದು ಸಲ ನೋಡೋಣ" ಅಂತ ಓಡಿಸಬಾರದು. ಒಳಗೆ ಬ್ಲೇಡು ಬಿರುಕು ಬಿಟ್ಟಿರಬಹುದು. ಮೊದಲು ಇಣುಕಿ ನೋಡಿ, ಆಮೇಲೆ ಓಡಿಸಿ.

ಲಕ್ಷಣ: ಎಂಜಿನ್ನನ್ನು ಬೇಗ ಬೇಗ ಕೆಳಗಿಳಿಸುತ್ತಾರೆ

ಇದೇ ಮುಖ್ಯವಾದ ಲಕ್ಷಣ. 2009ರಲ್ಲಿ ಚೀನಾದ ವಿಮಾನ ಉದ್ಯಮದ ದೊಡ್ಡ ಸಂಸ್ಥೆ ಎವಿಐಸಿಯ ಮುಖ್ಯಸ್ಥ ಲಿನ್ ಝುವೋಮಿಂಗ್ ಅವರೇ ಡಬ್ಲ್ಯುಎಸ್-10ರ ಗುಣಮಟ್ಟ ಸಮಾಧಾನ ತಂದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ತಮ್ಮ ಮನೆಯ ತೊಂದರೆಯನ್ನು ಎಲ್ಲರ ಮುಂದೆ ಒಪ್ಪಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಇದೆ. ಮರುವರ್ಷ ಬಂದ ವರದಿಗಳು ಇನ್ನೂ ಕಟುವಾಗಿದ್ದವು. ಎಎಲ್-31 ಸುಮಾರು 400 ಗಂಟೆ ಹಾರಿದ ಮೇಲೆ ರಿಪೇರಿಗೆ ಬಂದರೆ, ಡಬ್ಲ್ಯುಎಸ್-10ಎ 30 ಗಂಟೆಗೇ ಬರುತ್ತಿದೆ ಅಂತ. ಆ ಅಂಕಿಯನ್ನು ವರದಿ ಅಂತಲೇ ತಗೊಳ್ಳಿ. ಆದರೆ ಜೆ-11ಬಿ ವಿಮಾನಗಳು ಹಾರದೆ ನೆಲದ ಮೇಲೆ ಜಾಸ್ತಿ ನಿಲ್ಲುತ್ತಿದ್ದವು ಎನ್ನುವುದಕ್ಕೆ ಅದು ಹೊಂದುತ್ತದೆ.

ಎಂಜಿನ್ ಬೇಗ ಇಳಿಯುತ್ತಿದ್ದರೆ ಎಲ್ಲಿಂದ ಶುರುಮಾಡಬೇಕು? ಎಣ್ಣೆಯಿಂದ. ಎಣ್ಣೆ ದಾರಿಯಲ್ಲಿ ಒಂದು ಸಣ್ಣ ಅಯಸ್ಕಾಂತದ ಬಿರಡೆ ಇರುತ್ತದೆ. ಅದನ್ನು ತೆಗೆದು ಬಿಳಿ ಬಟ್ಟೆ ಮೇಲೆ ಒರೆಸಿ. ಮಸಿಯಂಥ ನುಣುಪು ಪುಡಿ ಇದ್ದರೆ ಸಹಜ ಸವೆತ. ಸೂಜಿಯಂಥ ಚೂರು ಅಥವಾ ಹೊಳೆಯುವ ಹಕ್ಕಳೆ ಸಿಕ್ಕರೆ ಬೇರಿಂಗೋ ಗೇರೋ ಒಡೆಯುತ್ತಿದೆ. ಅಲ್ಲಿಗೆ ನಿಲ್ಲಿಸಿ, ವಿಮಾನ ಹಾರಕೂಡದು. ಎಣ್ಣೆಯ ಸ್ಯಾಂಪಲ್ ಲ್ಯಾಬಿಗೆ ಕಳಿಸಿದರೆ ಯಾವ ಲೋಹ ಎಷ್ಟಿದೆ ಅಂತ ಹೇಳುತ್ತಾರೆ. ಕಬ್ಬಿಣ ಏರಿದರೆ ಗೇರು, ಬೇರಿಂಗು. ಬೆಳ್ಳಿ ಏರಿದರೆ ಬೇರಿಂಗಿನ ಪಂಜರದ ಲೇಪ.

ಎಣ್ಣೆ ಶುದ್ಧ ಇದ್ದರೆ ಬೋರೋಸ್ಕೋಪು. ಕೇಸಿಂಗಿನ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಇನ್ನೊಬ್ಬ ಕೈಯಿಂದ ರೋಟರ್, ಅಂದರೆ ಒಳಗಿನ ತಿರುಗುವ ಭಾಗ, ತಿರುಗಿಸುತ್ತಾನೆ. ಪರದೆಯ ಮೇಲೆ ಟರ್ಬೈನ್ ಬ್ಲೇಡುಗಳು, ಅಂದರೆ ಬೆಂಕಿಯ ಹಿಂದೆ ಬಿಸಿ ಗಾಳಿಯ ಹೊಡೆತಕ್ಕೆ ತಿರುಗುವ ಚಕ್ರದ ರೆಕ್ಕೆಗಳು, ಒಂದೊಂದಾಗಿ ಹಾದುಹೋಗುತ್ತವೆ. ಆರೋಗ್ಯವಾಗಿರುವ ಬ್ಲೇಡು ಮಾಸಲು ಬೂದು ಬಣ್ಣ, ಅಂಚು ನೇರ. ಬೆಂದ ಬ್ಲೇಡಿನ ಅಂಚು ಕಾವಲಿ ಮೇಲೆ ಮರೆತ ರೊಟ್ಟಿಯ ಅಂಚಿನ ಹಾಗೆ ಕಪ್ಪಾಗಿ, ಮುರುಟಿ, ಅಲ್ಲಲ್ಲಿ ಚೂರು ಹೋಗಿರುತ್ತದೆ. ತುದಿ ಉದ್ದವಾಗಿ ಹೊರಗಿನ ಕೇಸಿಂಗಿಗೆ ಉಜ್ಜಿದ ಗೆರೆ ಕಂಡರೆ ಲೋಹ ನಿಧಾನಕ್ಕೆ ಹಿಗ್ಗಿದೆ. ಬಿಸಿಯಲ್ಲಿ ಎಳೆತ ಬಿದ್ದು ಬಿದ್ದು ಲೋಹ ಹೀಗೆ ಸೋಲುವುದಕ್ಕೆ ಕ್ರೀಪ್ ಅಂತ ಹೆಸರು.

ಬ್ಲೇಡು ಯಾಕೆ ಸೋಲುತ್ತದೆ ಅಂತ ಗೊತ್ತಾಗಬೇಕಾದರೆ ಅದರ ಬದುಕು ನೋಡಬೇಕು. ಎಎಲ್-31 ದರ್ಜೆಯ ಎಂಜಿನ್ನಿನಲ್ಲಿ ಟರ್ಬೈನಿಗೆ ಬರುವ ಗಾಳಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್. ಬ್ಲೇಡು ಮಾಡಿರುವ ನಿಕ್ಕಲ್ ಮಿಶ್ರಲೋಹ 1,300ರ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಅಂದರೆ ತನ್ನನ್ನೇ ಕರಗಿಸುವ ಬೆಂಕಿಯಲ್ಲಿ ನಿಂತು ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬ್ಲೇಡಿನ ಬುಡಕ್ಕೆ ಟನ್‌ಗಟ್ಟಲೆ ಎಳೆತ. ಅದು ಉಳಿಯುವುದು ಒಳಗೆ ಕೊರೆದ ಸಣ್ಣ ಸಣ್ಣ ದಾರಿಗಳಲ್ಲಿ ತಂಪು ಗಾಳಿ ಹರಿಯುವುದರಿಂದ. ಮೇಲೆ ಪಿಂಗಾಣಿಯಂಥ ಲೇಪವೂ ಇರುತ್ತದೆ.

ಇನ್ನೊಂದು ರಕ್ಷಣೆ ಲೋಹದ ಒಳಗೇ ಇದೆ. ಸಾಮಾನ್ಯ ಎರಕದ ಲೋಹ ಸಕ್ಕರೆ ಅಚ್ಚಿನ ಹಾಗೆ, ಸಾವಿರಾರು ಹರಳು ಅಂಟಿಕೊಂಡಿರುತ್ತವೆ. ಬಿಸಿಯಲ್ಲಿ ಅಂಟು ಜಾಗದಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ಇಡೀ ಬ್ಲೇಡನ್ನು ಕಲ್ಲುಸಕ್ಕರೆಯ ಒಂದೇ ಹರಳಿನ ಹಾಗೆ ಬೆಳೆಸುತ್ತಾರೆ. ಇದೇ ಸಿಂಗಲ್ ಕ್ರಿಸ್ಟಲ್ ಬ್ಲೇಡು. ನಿರ್ವಾತ ಕುಲುಮೆಯಲ್ಲಿ ಎರಕ ಹೊಯ್ದು, ಅಚ್ಚನ್ನು ಬಿಸಿ ಜಾಗದಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಳಗಿಳಿಸಬೇಕು. ಅಚ್ಚಿನ ತಳದಲ್ಲಿ ತಿರುಚಿದ ಸಣ್ಣ ದಾರಿ ಇರುತ್ತದೆ. ಬೆಳೆಯುತ್ತ ಬರುವ ಹರಳುಗಳಲ್ಲಿ ಒಂದು ಮಾತ್ರ ಆ ತಿರುವು ದಾಟಿ ಮೇಲೆ ಬರುತ್ತದೆ. ನಡುವೆ ಬಿಸಿ ಸ್ವಲ್ಪ ಏರುಪೇರಾದರೂ ಪಕ್ಕದಲ್ಲಿ ಇನ್ನೊಂದು ಹರಳು ಹುಟ್ಟಿ ಬ್ಲೇಡು ಗುಜರಿಗೆ ಹೋಗುತ್ತದೆ. ತಿರಸ್ಕರಿಸಿದ ಒಂದು ಬ್ಲೇಡನ್ನು ಆಸಿಡ್ಡಿನಲ್ಲಿ ತೊಳೆದು ನನಗೆ ತೋರಿಸಿದ್ದರು. ಬೆಳಕಿಗೆ ಹಿಡಿದರೆ ಇಡೀ ಮೈ ಒಂದೇ ಥರ ಮಿನುಗುತ್ತಿತ್ತು. ಬುಡದ ಹತ್ತಿರ ಅಕ್ಕಿಕಾಳಿನಷ್ಟು ಜಾಗ ಮಾತ್ರ ಬೇರೆ ಕಡೆಗೆ ಹೊಳೆಯುತ್ತಿತ್ತು. ಅಷ್ಟಕ್ಕೇ ಅದು ತಿರಸ್ಕಾರ.

ಲಕ್ಷಣ: ಒಂದು ಎಂಜಿನ್ ಚೆನ್ನಾಗಿದೆ, ಪಕ್ಕದ್ದು ಇಲ್ಲ

ಎಲ್ಲ ಎಂಜಿನ್ನೂ ಒಂದೇ ಥರ ಕೆಟ್ಟರೆ ತಪ್ಪು ವಿನ್ಯಾಸದ್ದು. ಕೆಲವು ಚೆನ್ನಾಗಿ ಓಡಿ, ಕೆಲವು ಬೇಗ ಸತ್ತರೆ ತಪ್ಪು ತಯಾರಿಕೆಯದ್ದು. ಚೀನಾದ ತೊಂದರೆ ಬಹುಪಾಲು ಎರಡನೆಯದು ಅಂತ ನಾನು ನಂಬುತ್ತೇನೆ. ಅದಕ್ಕೆ ಹಳೆಯ ಪುರಾವೆ ಇದೆ.

1960ರ ದಶಕದಲ್ಲಿ ಶೆನ್ಯಾಂಗಿನ ಲೋಹ ಸಂಶೋಧನಾ ಸಂಸ್ಥೆಯಲ್ಲಿ ಶಿ ಚಾಂಗ್‌ಶು ಎಂಬ ವಿಜ್ಞಾನಿ ಇದ್ದರು. ಅಮೆರಿಕದಲ್ಲಿ ಓದಿ ಚೀನಾಕ್ಕೆ ಮರಳಿದವರು. ಅವರ ತಂಡ ಒಳಗೆ ಒಂಬತ್ತು ತೂತು ಇರುವ ಟೊಳ್ಳು ಬ್ಲೇಡನ್ನು ಎರಕದಲ್ಲಿ ಮಾಡಿ ತೋರಿಸಿತು. ಅಮೆರಿಕ ಬಿಟ್ಟರೆ ಆಗ ಹೀಗೆ ಮಾಡಿದವರು ಇಲ್ಲವೇ ಇಲ್ಲ ಎನ್ನಬಹುದು. ಆಮೇಲೆ ಆ ಬ್ಲೇಡಿನ ತಯಾರಿಕೆಯನ್ನು ದೂರದ ಗುಯಿಝೋ ಪ್ರಾಂತದ ಕಾರ್ಖಾನೆಗೆ ಕಳಿಸಿದರು. ಅದೇ ಚಿತ್ರ, ಅದೇ ಮಿಶ್ರಲೋಹ, ಅದೇ ದೇಶದ ಜನ. ಆದರೂ ಒಳ್ಳೆ ಬ್ಲೇಡು ಬರಲಿಲ್ಲ, ರಾಶಿ ರಾಶಿ ತಿರಸ್ಕಾರ. ಕೊನೆಗೆ ಶಿ ಅವರೇ ತಂಡ ಕಟ್ಟಿಕೊಂಡು ಹೋಗಿ, ಅಲ್ಲೇ ಉಳಿದು, ಹೆಜ್ಜೆ ಹೆಜ್ಜೆಗೂ ನಿಂತು ಸರಿಪಡಿಸಬೇಕಾಯಿತು.

ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವವನನ್ನು ನೋಡಿದ್ದೀರಾ? ಒಂದು ಚಮಚ ಪಾಕ ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾನೆ. ಹದ ಬಂತು ಅಂದರೆ ಬಂತು. ಅದನ್ನು ಕಾಗದದಲ್ಲಿ ಬರೆದುಕೊಂಡು ಹೋದವನಿಗೆ ಬೆಲ್ಲ ಆಗುವುದಿಲ್ಲ. ಎಂಜಿನ್ ಬ್ಲೇಡಿಗೂ ಹದ ಇದೆ. ಅಚ್ಚು ಒಣಗುವ ವೇಳೆ, ಕುಲುಮೆಯ ಇಳಿಸುವ ವೇಗ, ಲೇಪದ ದಪ್ಪ.

ಬ್ರಿಟನ್ನಿನ ಸ್ಪೇ ಎಂಜಿನ್ ಕಥೆಯೂ ಇದನ್ನೇ ಹೇಳುತ್ತದೆ. 1975ರ ಡಿಸೆಂಬರ್‌ನಲ್ಲಿ ರೋಲ್ಸ್ ರಾಯ್ಸ್ ಜೊತೆ ಲೈಸೆನ್ಸ್ ಒಪ್ಪಂದ ಆಯಿತು. ಕಳ್ಳತನ ಅಲ್ಲ, ಕದ್ದುಮುಚ್ಚಿ ನಕಲು ಅಲ್ಲ. ಚಿತ್ರ, ವಿಧಾನ ಎಲ್ಲವನ್ನೂ ದುಡ್ಡು ಕೊಟ್ಟು ಪಡೆದರು. ನಾಲ್ಕೈದು ವರ್ಷದಲ್ಲಿ ಶಿಯಾನ್‌ನಲ್ಲಿ ಜೋಡಿಸಿದ ಎಂಜಿನ್‌ಗಳು ಪರೀಕ್ಷೆ ದಾಟಿದವು. ಆದರೆ ಪೂರ್ತಿ ತಮ್ಮದೇ ಭಾಗಗಳಿಂದ ಮಾಡಿದ ಸ್ಪೇಗೆ, ಅಂದರೆ ಡಬ್ಲ್ಯುಎಸ್-9ಕ್ಕೆ, ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಚಿತ್ರ ಕೈಗೆ ಬಂದು ಹೆಚ್ಚುಕಮ್ಮಿ 28 ವರ್ಷ ಆದ ಮೇಲೆ.

ಕದ್ದ ಚಿತ್ರದ ಬಗ್ಗೆಯೂ ಜನ ಕೇಳುತ್ತಾರೆ. ಷು ಯಾನ್‌ಜುನ್ ಎಂಬ ಚೀನಾದ ಗುಪ್ತಚರ ಅಧಿಕಾರಿಯನ್ನು 2018ರಲ್ಲಿ ಬೆಲ್ಜಿಯಂನಲ್ಲಿ ಹಿಡಿದರು. ಜನರಲ್ ಎಲೆಕ್ಟ್ರಿಕ್‌ನ ಫ್ಯಾನ್ ತಂತ್ರಜ್ಞಾನದ ಹಿಂದೆ ಬಿದ್ದಿದ್ದರು ಎಂದು ಅಮೆರಿಕದ ಕೋರ್ಟು 2022ರಲ್ಲಿ 20 ವರ್ಷ ಶಿಕ್ಷೆ ಕೊಟ್ಟಿತು. ಇಷ್ಟೆಲ್ಲ ಮಾಡಿದರೂ ಸಿಗುವುದು ಆಕಾರ ಮತ್ತು ಅಳತೆ. ಕುಲುಮೆ ಮುಂದೆ ನಿಂತವನ ಅನುಭವ ಸಿಗುವುದಿಲ್ಲ.

ಇಂಥ ದೋಷಕ್ಕೆ ಮದ್ದು ಒಂದೇ. ಪ್ರತಿ ಬ್ಲೇಡಿಗೂ ನಂಬರು, ಪ್ರತಿ ಎರಕಕ್ಕೂ ದಾಖಲೆ. ಎಂಜಿನ್ ಕೆಟ್ಟು ಬಂದಾಗ ಆ ನಂಬರು ಹಿಡಿದು ಕುಲುಮೆವರೆಗೆ ಹಿಂದಕ್ಕೆ ನಡೆಯುವುದು. ಬೇಸರದ ಕೆಲಸ. ಇದನ್ನು ಹತ್ತು ಹದಿನೈದು ವರ್ಷ ಬಿಡದೆ ಮಾಡಿದ ಕಡೆ ಮಾತ್ರ ಎಂಜಿನ್ ಸುಧಾರಿಸಿದೆ.

ಲಕ್ಷಣ: ಇಷ್ಟು ವರ್ಷ ಆದರೂ ಹೊಸ ಎಂಜಿನ್ ಬರುತ್ತಿಲ್ಲ

ಇಲ್ಲಿ ಲೋಹ ಬಿಟ್ಟು ಆಡಳಿತ ನೋಡಿ. ಡಬ್ಲ್ಯುಎಸ್-6 ಎಂಬ ಎಂಜಿನ್ 1960ರ ದಶಕದಲ್ಲಿ ಶುರುವಾಯಿತು. ಅದನ್ನು ಹಾಕಬೇಕಾಗಿದ್ದ ಜೆ-9 ವಿಮಾನವನ್ನು ರದ್ದು ಮಾಡಿದರು, ಎಂಜಿನ್ ಕೂಡ ಜೊತೆಗೇ ಹೋಯಿತು. ಪರೀಕ್ಷೆಯಲ್ಲಿ ತೊಂದರೆ ಇದ್ದದ್ದು ನಿಜ. ಆದರೆ ಅಷ್ಟು ವರ್ಷ ಕಲಿತ ಜನ ಚದುರಿಹೋದದ್ದು ಅದಕ್ಕಿಂತ ದೊಡ್ಡ ನಷ್ಟ. ಎಂಜಿನ್ನಿಗೆ ವಿಮಾನಕ್ಕಿಂತ ಉದ್ದದ ಕಾಲ ಬೇಕು. ವಿಮಾನದ ಬಾಲಕ್ಕೆ ಕಟ್ಟಿದರೆ ಹೀಗೇ ಆಗುತ್ತದೆ. ಇದನ್ನು ಚೀನಾ ಅರ್ಥ ಮಾಡಿಕೊಂಡಿತು. 2016ರ ಆಗಸ್ಟ್‌ನಲ್ಲಿ ಎಂಜಿನ್ ಕೆಲಸವನ್ನು ವಿಮಾನ ಸಂಸ್ಥೆಯಿಂದ ಬೇರೆ ಮಾಡಿ ಎಇಸಿಸಿ ಅಂತ ಪ್ರತ್ಯೇಕ ಸಂಸ್ಥೆ ಕಟ್ಟಿದರು. ಬಂಡವಾಳ 5,000 ಕೋಟಿ ಯುವಾನ್, ಜನ ಸುಮಾರು 96,000.

ಆಮೇಲೆ ಪರೀಕ್ಷೆಯ ಸೌಕರ್ಯ ನೋಡಿ. ಎತ್ತರದ ತೆಳು ಗಾಳಿಯನ್ನು ನೆಲದ ಮೇಲೇ ಸೃಷ್ಟಿಸಿ ಎಂಜಿನ್ ಓಡಿಸುವ ಕೋಣೆ ಸಿಚುವಾನ್‌ನಲ್ಲಿದೆ. ಹಾರುತ್ತಲೇ ಪರೀಕ್ಷಿಸಲು ಶಿಯಾನ್ ಹತ್ತಿರ ಯಾನ್‌ಲಿಯಾಂಗ್‌ನಲ್ಲಿ ಇಲ್-76 ವಿಮಾನ ಇದೆ. ಈ ಮಾತು ನಮಗೆ ತಾಗಬೇಕು. ಬೆಂಗಳೂರಿನ ಜಿಟಿಆರ್‌ಇ ಎಂಬ ರಕ್ಷಣಾ ಸಂಶೋಧನಾಲಯ ಮಾಡಿದ ಕಾವೇರಿ ಎಂಜಿನ್ನಿಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಎತ್ತರದ ಪರೀಕ್ಷೆಗೆ ಅದನ್ನು ಪೆಟ್ಟಿಗೆ ಕಟ್ಟಿ ರಷ್ಯಾಕ್ಕೇ ಕಳಿಸಬೇಕಿತ್ತು. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರ್ಪಡಿಸಿದರು. ಇಲ್-76 ರೆಕ್ಕೆಗೆ ಕಟ್ಟಿ ಹಾರಿಸಿದ್ದು 2010ರಲ್ಲಿ. ಚೀನಾದವರು ಎಂಜಿನ್ನಿಗೆ ಬೆಟ್ಟಗಳ ಹೆಸರು ಇಡುತ್ತಾರೆ, ತೈಹಾಂಗ್, ಚಿನ್‌ಲಿಂಗ್, ಎಮೆಯ್ ಅಂತ. ನಾವು ನಮ್ಮ ನದಿಯ ಹೆಸರಿಟ್ಟೆವು. ಎರಡೂ ಕಡೆ ಪ್ರೀತಿಗೆ ಕೊರತೆ ಇರಲಿಲ್ಲ. ಒಂದೊಂದು ಪರೀಕ್ಷೆಗೂ ಪಾಳಿ ಕಾಯಬೇಕಾದವರು ಹಿಂದೆ ಬಿದ್ದರು.

ಎಮೆಯ್ ಅಂದರೆ ಡಬ್ಲ್ಯುಎಸ್-15. ಜೆ-20ಕ್ಕೆ ಅಂತಲೇ ಮಾಡುತ್ತಿರುವುದು, 1990ರ ದಶಕದಿಂದ ಕೆಲಸ ನಡೆದಿದೆ. ಎರಡೂ ಕಡೆ ಇದೇ ಎಂಜಿನ್ ಇದ್ದ ಜೆ-20 ಹಾರಿದ ಚಿತ್ರಗಳು ಬಂದದ್ದು 2023ರ ಮಧ್ಯದಲ್ಲಿ. ಮೂವತ್ತು ವರ್ಷ ಅಂದರೆ ಜಾಸ್ತಿ ಅನ್ನಿಸಬಹುದು. ಹೊಸ ಪೀಳಿಗೆಯ ಎಂಜಿನ್ನಿಗೆ, ಮೊದಲ ಸಲ ಕಲಿಯುವವರಿಗೆ, ನನಗೇನೂ ಆಶ್ಚರ್ಯ ಇಲ್ಲ.

ಎಲ್ಲಿ ನಿಲ್ಲಿಸಬೇಕು, ಏನು ಎಚ್ಚರ

ಫೋಟೋದಿಂದ ಎಂಜಿನ್ ಯಾವುದು ಅಂತ ಹೇಳಬಹುದು. ತಳ್ಳುಬಲ ಎಷ್ಟು, ಬ್ಲೇಡು ಎಷ್ಟು ಗಂಟೆ ಬಾಳುತ್ತದೆ ಅಂತ ಯಾರಿಗೂ ಹೇಳಲಾಗದು. ಪ್ರದರ್ಶನದ ಬೋರ್ಡಿನಲ್ಲಿ ಬರೆದ ಟನ್ ಲೆಕ್ಕಕ್ಕೂ ಮಳೆ, ಧೂಳು, ಸೆಕೆಯಲ್ಲಿ 500 ಗಂಟೆ ಓಡಿದ ಎಂಜಿನ್ನಿಗೂ ಸಂಬಂಧ ಕಡಿಮೆ. ಅಂಥ ಪ್ರಶ್ನೆ ಬಂದರೆ ಊಹೆ ಬಿಟ್ಟು ಲೋಹಶಾಸ್ತ್ರ ಬಲ್ಲವರನ್ನೋ, ಎಂಜಿನ್ ಶಾಪಿನಲ್ಲಿ ಕೈ ಮಸಿ ಮಾಡಿಕೊಂಡವರನ್ನೋ ಕೇಳಿ.

ಫೋಟೋ ಹುಡುಕಿಕೊಂಡು ಸೇನಾ ವಿಮಾನ ನಿಲ್ದಾಣದ ಬೇಲಿ ಹತ್ತಿರ ಹೋಗಬೇಡಿ. ಚೀನಾದಲ್ಲಿ ಓದುವ, ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಅದು ಅಪರಾಧ. ಇಲ್ಲೂ ನಿಷೇಧಿತ ಜಾಗಗಳಲ್ಲಿ ಅಪರಾಧವೇ. ವಿಮಾನ ಪ್ರದರ್ಶನಕ್ಕೆ ಹೋದರೆ ಹಗ್ಗದ ಈಚೆಗೇ ನಿಲ್ಲಿ, ಮಕ್ಕಳ ಕಿವಿ ಮುಚ್ಚಿ. ಓಡುತ್ತಿರುವ ಎಂಜಿನ್ನಿನ ಮುಂದೆ ಟೋಪಿ, ಶಾಲು, ಸಡಿಲ ಚೀಲ ಯಾವುದೂ ಬೇಡ. ಅದು ವಸ್ತುವನ್ನಷ್ಟೇ ಅಲ್ಲ, ಮನುಷ್ಯರನ್ನೂ ಎಳೆದುಕೊಳ್ಳುತ್ತದೆ. ಶಾಪಿನಲ್ಲಿ ನಾವು ಒಳಹೋಗುವಾಗ ಜೇಬಿನ ಪೆನ್ನನ್ನೂ ಎಣಿಸಿ ಇಟ್ಟು, ಹೊರಬರುವಾಗ ಎಣಿಸಿ ತೆಗೆದುಕೊಳ್ಳುತ್ತಿದ್ದೆವು.

ಅಕ್ಕನ ಮಗನಿಗೆ ಈಗ ಕೆಲಸ ಕೊಟ್ಟಿದ್ದೇನೆ. ಪಾಕಿಸ್ತಾನದ ಜೆ-10ಸಿಇಗಳ ಎಂಜಿನ್ ಓವರ್‌ಹಾಲ್ ಎಲ್ಲಿ ಆಗುತ್ತದೆ, ಅವು ಚೀನಾಕ್ಕೆ ಎಷ್ಟು ಸಲ ವಾಪಸ್ ಹೋಗುತ್ತವೆ ಅಂತ ಸುದ್ದಿಗಳಲ್ಲಿ ಹುಡುಕು ಅಂತ. ಜೆ-20ರ ಹಳೆಯ ವಿಮಾನಗಳಿಗೂ ಡಬ್ಲ್ಯುಎಸ್-15 ಹಾಕಲು ಶುರುಮಾಡುತ್ತಾರಾ ನೋಡು ಅಂತ. ಮೊನ್ನೆ ಒಂದು ಪುಸ್ತಕ ತಂದು ಗೆರೆ ಎಳೆದು ತೋರಿಸಿದ. ಎಡಗಡೆ ದಿನಾಂಕ, ನಡುವೆ ನಾಝಲ್ಲಿನ ದಳ, ಬಲಗಡೆ ವಿಮಾನದ ನಂಬರು. ಮೊದಲ ಪುಟ ತುಂಬಿದೆ.